ಪರೀಕ್ಷೆಯಿಂದ ಕ್ರೆಡಿಟ್: ಅಮೆರಿಕದ ಒಂದು ಪದ್ಧತಿಯ ಸಮೀಕ್ಷೆ

ಒಂದು ವಿಷಯವನ್ನು ಮೊದಲೇ ಬಲ್ಲವನು ಆ ವಿಷಯದ ತರಗತಿಯಲ್ಲಿ ಒಂದು ಸೆಮಿಸ್ಟರ್ ಕಾಲ ಕುಳಿತೇ ತೀರಬೇಕೆ, ಅಥವಾ ತಾನು ಬಲ್ಲುದನ್ನು ಪರೀಕ್ಷೆಯೊಂದರಲ್ಲಿ ತೋರಿಸಿಕೊಟ್ಟು ಮುಂದಿನ ಪಾಠಕ್ಕೆ ನಡೆಯಬಹುದೆ ಎಂಬ ಪ್ರಶ್ನೆಯು ಅಮೆರಿಕ ಸಂಯುಕ್ತ ಸಂಸ್ಥಾನದ ಉಚ್ಚಶಿಕ್ಷಣದಲ್ಲಿ ಬಹುಕಾಲದಿಂದ ಚರ್ಚೆಗೆ ಒಳಪಟ್ಟಿದೆ. ಈ ಪ್ರಶ್ನೆಗೆ ಅಲ್ಲಿನ ಕಾಲೇಜುಗಳು ಕಂಡುಕೊಂಡಿರುವ ಉತ್ತರಕ್ಕೆ ಪರೀಕ್ಷಾಮೂಲಕ ಕ್ರೆಡಿಟ್ ಎಂದು ಹೆಸರು. ಪದವಿಗೆ ಬೇಕಾದ ಸುಮಾರು 120 ಕ್ರೆಡಿಟ್‌ಗಳಲ್ಲಿ ಒಂದು ಭಾಗವನ್ನು ತರಗತಿಗೆ ಹೋಗದೆ, ಕೇವಲ ಪರೀಕ್ಷೆ ಬರೆದು ಸಂಪಾದಿಸಲು ಈ ಪದ್ಧತಿ ಅವಕಾಶ ಕೊಡುತ್ತದೆ. ಮೇಲ್ನೋಟಕ್ಕೆ ಇದು ಹಣ ಮತ್ತು ಕಾಲಗಳ ಉಳಿತಾಯದ ಸರಳವಾದ ಮಾರ್ಗವೆಂದು ತೋರಿದರೂ, ಹತ್ತಿರ ಹೋಗಿ ನೋಡಿದವರಿಗೆ ಇದರ ನಿಜವಾದ ಕಷ್ಟ ಪರೀಕ್ಷೆಯಲ್ಲಿಲ್ಲವೆಂದೂ, ಪರೀಕ್ಷೆಯಿಂದ ಬಂದ ಕ್ರೆಡಿಟ್ ಪದವಿಯ ಯಾವ ಅಂಕಣದಲ್ಲಿ ಸಲ್ಲುತ್ತದೆ ಎಂಬ ನಿರ್ಣಯದಲ್ಲಿದೆಯೆಂದೂ ಕಾಣಬರುತ್ತದೆ. ಆ ನಿರ್ಣಯಕ್ಕೆ ವಿದ್ಯಾರ್ಥಿಯ ಜೊತೆಗೆ ಕುಳಿತುಕೊಳ್ಳುವವರು ಶೈಕ್ಷಣಿಕ ಸಲಹೆಗಾರರು.

ಕನ್ನಡ ನಾಡಿನ ಓದುಗನಿಗೆ ಈ ವಿಷಯದಲ್ಲಿ ವಿಸ್ಮಯಪಡತಕ್ಕದ್ದೇನೂ ಮೊದಲಿಗೆ ತೋರಲಾರದು. ಕಲ್ಕತ್ತಾ, ಬೊಂಬಾಯಿ, ಮದರಾಸು ವಿಶ್ವವಿದ್ಯಾನಿಲಯಗಳು 1857ರಲ್ಲಿ ಸ್ಥಾಪಿತವಾದಾಗ ಅವು ಲಂಡನ್ ವಿಶ್ವವಿದ್ಯಾನಿಲಯದ ಮಾದರಿಯನ್ನು ಅನುಸರಿಸಿ, ಪಾಠ ಹೇಳುವ ಕೆಲಸವನ್ನು ಕಾಲೇಜುಗಳಿಗೆ ಬಿಟ್ಟು ಪರೀಕ್ಷೆ ನಡೆಸಿ ಪದವಿ ಕೊಡುವ ಅಧಿಕಾರವನ್ನು ಮಾತ್ರ ತಮ್ಮಲ್ಲಿ ಇಟ್ಟುಕೊಂಡವು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟುವವರೆಗೂ ಮೈಸೂರಿನ ಮಹಾರಾಜಾ ಕಾಲೇಜೂ ಬೆಂಗಳೂರಿನ ಸೆಂಟ್ರಲ್ ಕಾಲೇಜೂ ಮದರಾಸಿನ ಪರೀಕ್ಷೆಗಳಿಗೇ ವಿದ್ಯಾರ್ಥಿಗಳನ್ನು ಸಿದ್ಧಪಡಿಸುತ್ತಿದ್ದವು. ಪಾಠ ಹೇಳಿದ ಗುರು ಬೇರೆ, ಉತ್ತರಪತ್ರಿಕೆಗೆ ಅಂಕ ಹಾಕುವ ಪರೀಕ್ಷಕ ಬೇರೆ ಎಂಬುದು ನಮಗೆ ರೂಢಿಯಾದ ಸಂಗತಿ. ಪ್ರೈವೇಟಾಗಿ ಪರೀಕ್ಷೆ ಕಟ್ಟಿ ತೇರ್ಗಡೆಯಾದವರು ನಮ್ಮ ಯಾವ ಊರಿನಲ್ಲಿಯೂ ದೊರೆಯುತ್ತಾರೆ. ಅಮೆರಿಕದಲ್ಲಾದರೋ ಪಾಠ ಹೇಳಿದ ಪ್ರಾಧ್ಯಾಪಕನೇ ಪ್ರಶ್ನೆಪತ್ರಿಕೆಯನ್ನು ಮಾಡಿ, ತಾನೇ ತಿದ್ದಿ, ತಾನೇ ಶ್ರೇಣಿಯನ್ನು ಕೊಡುತ್ತಾನೆ. ಅಂತಹ ದೇಶದಲ್ಲಿ ಹೊರಗಿನ ಸಂಸ್ಥೆಯೊಂದು ನಡೆಸಿದ ಪರೀಕ್ಷೆಯನ್ನು ನಂಬಿ ಕಾಲೇಜು ತನ್ನ ಕ್ರೆಡಿಟ್ ಅನ್ನು ಕೊಡುವುದೆಂದರೆ ಅದು ಸಂಪ್ರದಾಯಕ್ಕೆ ಮಾಡಿದ ಒಂದು ಅಪವಾದವೇ ಸರಿ. ಈ ಅಪವಾದಕ್ಕೆ ಪ್ರತಿಯೊಂದು ಕಾಲೇಜೂ ತನ್ನದೇ ಆದ ಎಲ್ಲೆಯನ್ನು ಹಾಕಿಕೊಂಡಿರುವುದರಿಂದಲೇ ಸಲಹೆಗಾರರ ಅಗತ್ಯ ಉಂಟಾಯಿತು.

ಇದರ ಪೂರ್ವವೃತ್ತಾಂತವನ್ನು ಸ್ವಲ್ಪ ನೋಡತಕ್ಕದ್ದುಂಟು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಹಾರ್ವರ್ಡಿನ ಅಧ್ಯಕ್ಷರಾಗಿದ್ದ ಚಾರ್ಲ್ಸ್ ಎಲಿಯಟ್ಟರು ಎಲ್ಲರಿಗೂ ಒಂದೇ ಪಾಠಕ್ರಮವೆಂಬ ಹಳೆಯ ಕಟ್ಟನ್ನು ಸಡಿಲಿಸಿ, ವಿದ್ಯಾರ್ಥಿಗಳು ತಮ್ಮ ವಿಷಯಗಳನ್ನು ತಾವೇ ಆರಿಸಿಕೊಳ್ಳುವ ಐಚ್ಛಿಕ ಪದ್ಧತಿಯನ್ನು ಬೆಳೆಸಿದರು. ಆಯ್ಕೆ ಇದ್ದಲ್ಲಿ ಗೊಂದಲವೂ ಇರತಕ್ಕದ್ದೇ ಆದುದರಿಂದ, ಅದೇ ಕಾಲದಲ್ಲಿ ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾನಿಲಯವೂ ತರುವಾಯ ಹಾರ್ವರ್ಡೂ ವಿದ್ಯಾರ್ಥಿಗಳಿಗೆ ಅಧ್ಯಾಪಕ ಸಲಹೆಗಾರರನ್ನು ನೇಮಿಸಿದವು. ಮುಂದೆ 1905ರಲ್ಲಿ ಆಂಡ್ರೂ ಕಾರ್ನೆಗಿಯವರು ಕಾಲೇಜು ಅಧ್ಯಾಪಕರ ನಿವೃತ್ತಿವೇತನಕ್ಕೆಂದು ಒಂದು ಕೋಟಿ ಡಾಲರುಗಳ ನಿಧಿಯನ್ನು ಸ್ಥಾಪಿಸಿದಾಗ, ಆ ನಿಧಿಯ ಪ್ರಯೋಜನವನ್ನು ಬಯಸಿದ ಕಾಲೇಜುಗಳು ಪ್ರವೇಶಾರ್ಥಿಗಳಿಂದ ನಿರ್ದಿಷ್ಟ ಸಂಖ್ಯೆಯ ಪಾಠಘಟಕಗಳನ್ನು ಅಪೇಕ್ಷಿಸತಕ್ಕದ್ದೆಂಬ ಷರತ್ತು ಬಂದಿತು. ವಿದ್ಯೆಯನ್ನು ಗಂಟೆಗಳಿಂದ ಅಳೆಯುವ ಅಭ್ಯಾಸ ದೇಶದಲ್ಲೆಲ್ಲ ಬೇರೂರಿದ್ದು ಹೀಗೆ. ವೃದ್ಧ ಅಧ್ಯಾಪಕರ ಪಿಂಚಣಿಗಾಗಿ ಹುಟ್ಟಿದ ಲೆಕ್ಕವು ಹದಿನೆಂಟು ವರ್ಷದ ವಿದ್ಯಾರ್ಥಿಯ ಕಲಿಕೆಯ ಮಾನದಂಡವಾಗಿ ನಿಂತುದು ವಿಚಿತ್ರವಾದರೂ ನಿಜ. ವಾರಕ್ಕೆ ಒಂದು ಗಂಟೆಯ ತರಗತಿ, ಅದಕ್ಕೆ ಎರಡು ಗಂಟೆಯ ಸ್ವಾಧ್ಯಾಯ, ಹೀಗೆ ಸುಮಾರು ಹದಿನೈದು ವಾರ ನಡೆದರೆ ಒಂದು ಕ್ರೆಡಿಟ್ ಎಂಬುದು ಇಂದಿಗೂ ಅಲ್ಲಿನ ಸ್ಥೂಲವಾದ ಲೆಕ್ಕ.

ಕಾಲವನ್ನಲ್ಲ, ತಿಳಿವಳಿಕೆಯನ್ನು ಅಳೆಯಬೇಕೆಂಬ ಪ್ರತಿವಾದವೂ ಬಹಳ ತಡಮಾಡಲಿಲ್ಲ. 1931ರಲ್ಲಿ ಷಿಕಾಗೋ ವಿಶ್ವವಿದ್ಯಾನಿಲಯವು ಹಾಜರಿಯನ್ನು ಗಣನೆಗೆ ತಾರದೆ, ಸಿದ್ಧನಾದೆನೆಂದು ತೋರಿದಾಗ ವಿದ್ಯಾರ್ಥಿಯು ಬರೆಯಬಹುದಾದ ಸಮಗ್ರ ಪರೀಕ್ಷೆಗಳ ಯೋಜನೆಯನ್ನು ಜಾರಿಗೆ ತಂದಿತು. ಎರಡನೆಯ ಮಹಾಯುದ್ಧದಲ್ಲಿ ಸೈನಿಕರಿಗಾಗಿ 1942ರಲ್ಲಿ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ನಿನಲ್ಲಿ ಒಂದು ಶಿಕ್ಷಣಸಂಸ್ಥೆ ಏರ್ಪಟ್ಟಿತು. ಯುದ್ಧ ಮುಗಿದು ಲಕ್ಷಾಂತರ ಯೋಧರು, ಅವರ ವ್ಯಾಸಂಗಕ್ಕೆ ಧನಸಹಾಯ ಒದಗಿಸಿದ 1944ರ ಶಾಸನದ ನೆರವಿನಿಂದ ಕಾಲೇಜುಗಳಿಗೆ ಬಂದಾಗ, ಅವರು ಶಿಬಿರಗಳಲ್ಲಿ ಕಲಿತದ್ದಕ್ಕೆ ಬೆಲೆ ಕಟ್ಟುವ ಹೊಣೆಯನ್ನು ಅಮೆರಿಕದ ಶಿಕ್ಷಣ ಪರಿಷತ್ತು ವಹಿಸಿಕೊಂಡಿತು. ಪ್ರೌಢಶಾಲೆಯ ಮೇಧಾವಿಗಳಿಗಾಗಿ ಫೋರ್ಡ್ ಪ್ರತಿಷ್ಠಾನದ ಧನಸಹಾಯದಿಂದ ಆರಂಭವಾದ ಪ್ರಯೋಗವನ್ನು 1955ರಲ್ಲಿ ಕಾಲೇಜ್ ಬೋರ್ಡ್ ಕೈಗೆತ್ತಿಕೊಂಡು ಅಡ್ವಾನ್ಸ್ಡ್ ಪ್ಲೇಸ್‌ಮೆಂಟ್, ಅರ್ಥಾತ್ ಎ.ಪಿ. ಪರೀಕ್ಷೆಗಳನ್ನು ನಡೆಸತೊಡಗಿತು. ಶಾಲೆಯ ಹೊರಗೆ ಕಲಿತ ವಯಸ್ಕರನ್ನು ಮುಖ್ಯವಾಗಿ ಉದ್ದೇಶಿಸಿ 1967ರಲ್ಲಿ ಅದೇ ಸಂಸ್ಥೆಯಿಂದ ಕ್ಲೆಪ್ ಎಂಬ ಪರೀಕ್ಷಾಮಾಲೆ ಹೊರಟಿತು. 1970ರ ದಶಕದ ಆದಿಯಲ್ಲಿ ನ್ಯೂಯಾರ್ಕಿನ ರೀಜೆಂಟ್ಸ್ ಬಾಹ್ಯಪದವಿ ಕಾರ್ಯಕ್ರಮ, ನ್ಯೂಜೆರ್ಸಿಯ ಥಾಮಸ್ ಎಡಿಸನ್, ಕನೆಕ್ಟಿಕಟ್ಟಿನ ಚಾರ್ಟರ್ ಓಕ್ ಸಂಸ್ಥೆಗಳು ಹುಟ್ಟಿ, ಪರೀಕ್ಷೆಗಳಿಂದಲೂ ಪೂರ್ವಾನುಭವದಿಂದಲೂ ಪದವಿಯ ಬಹುಭಾಗವನ್ನು ಕಟ್ಟಿಕೊಳ್ಳಲು ಅನುಕೂಲ ಮಾಡಿದವು.

ಹೀಗೆ ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಜನರಿಗಾಗಿ ಹುಟ್ಟಿದ ಪರೀಕ್ಷೆಗಳು ಇಂದು ಒಂದೇ ವಿದ್ಯಾರ್ಥಿಯ ಮುಂದೆ ಒಟ್ಟಿಗೆ ನಿಲ್ಲುತ್ತವೆ. ಪ್ರೌಢಶಾಲೆಯಲ್ಲಿರುವಾಗಲೇ ಮೇ ತಿಂಗಳಿನಲ್ಲಿ ಬರೆಯತಕ್ಕ ಎ.ಪಿ. ಪರೀಕ್ಷೆಗೆ 1ರಿಂದ 5ರವರೆಗೆ ಅಂಕ. 3 ಬಂದರೆ ಸಾಕೆನ್ನುವ ಕಾಲೇಜುಗಳೂ 5ಕ್ಕೆ ಕಡಿಮೆಯಾದರೆ ಒಲ್ಲೆವೆನ್ನುವ ಕಾಲೇಜುಗಳೂ ಉಂಟು. ಸೈನಿಕರಿಗಾಗಿ ಹುಟ್ಟಿ ಈಗ ಎಲ್ಲರಿಗೂ ತೆರೆದಿರುವ ಡಿ.ಎಸ್.ಎಸ್.ಟಿ. ಎಂಬ ಮಾಲೆ ಮತ್ತೊಂದು. ಇವಲ್ಲದೆ ಎಷ್ಟೋ ಕಾಲೇಜುಗಳ ವಿಭಾಗಗಳು ಅಲ್ಪ ಶುಲ್ಕ ಪಡೆದು ತಾವೇ ನಡೆಸುವ ಸವಾಲು ಪರೀಕ್ಷೆಗಳು ಇವೆ. ಇವೆಲ್ಲದರ ನಡುವೆ ಬಹುಜನರು ಬಳಸುವ ಕ್ಲೆಪ್ ಅನ್ನು ಸ್ವಲ್ಪ ವಿವರವಾಗಿ ನೋಡಬಹುದು.

ಕ್ಲೆಪ್‌ನಲ್ಲಿ ಮೂವತ್ತಕ್ಕೂ ಹೆಚ್ಚು ವಿಷಯಗಳಿದ್ದು, ಸಾಮಾನ್ಯವಾಗಿ ಒಂದೂವರೆ ಗಂಟೆಯಲ್ಲಿ ಗಣಕಯಂತ್ರದ ಮುಂದೆ ಕುಳಿತು ಬಹು ಆಯ್ಕೆಯ ಪ್ರಶ್ನೆಗಳಿಗೆ ಉತ್ತರಿಸಬೇಕು. ಕಾಲೇಜು ಮಟ್ಟದ ಪ್ರಬಂಧರಚನೆಯ ಪರೀಕ್ಷೆಯಲ್ಲಿ ಮಾತ್ರ ಎರಡು ಪ್ರಬಂಧಗಳನ್ನೂ ಬರೆಯಬೇಕು. ಅಂಕಗಳು 20ರಿಂದ 80ರವರೆಗೆ ಇದ್ದು, ಶಿಕ್ಷಣ ಪರಿಷತ್ತು ಶಿಫಾರಸು ಮಾಡಿರುವ ಮಟ್ಟ ಸಾಮಾನ್ಯವಾಗಿ 50. ಮೂವತ್ತೈದು ಬಂದರೆ ಪಾಸು ಎಂಬ ಲೆಕ್ಕದಲ್ಲಿ ಬೆಳೆದ ನಮ್ಮವರು ಈ 50 ಎಂಬುದನ್ನು ನೂರಕ್ಕೆ ಐವತ್ತೆಂದು ಭಾವಿಸುವ ಸಂಭವವುಂಟು, ಅದು ಹಾಗಲ್ಲ. ಸರಿಯುತ್ತರಗಳ ಸಂಖ್ಯೆಯನ್ನು ಒಂದು ಮಾಪನಕ್ಕೆ ಪರಿವರ್ತಿಸಿ ಕೊಡುವ ಅಂಕ ಅದು. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ಶುಲ್ಕ ನೂರು ಡಾಲರಿನ ಆಸುಪಾಸಿನಲ್ಲಿದ್ದು ಪರೀಕ್ಷಾಕೇಂದ್ರದ ಶುಲ್ಕ ಬೇರೆ. ಮೂರು ಕ್ರೆಡಿಟ್‌ನ ತರಗತಿಯೊಂದಕ್ಕೆ ಆಗುವ ವೆಚ್ಚದ ಮುಂದೆ ಇದು ಬಲು ಅಲ್ಪ. ಮಾಡರ್ನ್ ಸ್ಟೇಟ್ಸ್ ಎಂಬ ಧರ್ಮಾರ್ಥ ಸಂಸ್ಥೆಯು ಉಚಿತ ಪಾಠಗಳನ್ನು ಒದಗಿಸಿ, ಅವನ್ನು ಮುಗಿಸಿದವರ ಪರೀಕ್ಷಾಶುಲ್ಕವನ್ನೂ ತಾನೇ ವಹಿಸುವ ಏರ್ಪಾಡು ಮಾಡಿದೆ. ಅನುತ್ತೀರ್ಣರಾದರೆ ಅದೇ ಪರೀಕ್ಷೆಯನ್ನು ಮತ್ತೆ ಬರೆಯಲು ಮೂರು ತಿಂಗಳು ಕಾಯಬೇಕೆಂಬ ನಿಯಮವೊಂದನ್ನು ಇಲ್ಲಿ ನೆನಪಿನಲ್ಲಿಡತಕ್ಕದ್ದು.

ಇಷ್ಟು ತಿಳಿದ ಮಾತ್ರಕ್ಕೆ ಶುಲ್ಕ ಕಟ್ಟಿ ಪರೀಕ್ಷೆಗೆ ಓಡುವುದು ವಿವೇಕವಲ್ಲ. ಶಿಕ್ಷಣ ಪರಿಷತ್ತಿನದು ಶಿಫಾರಸು ಮಾತ್ರ. ಕ್ರೆಡಿಟ್ ಕೊಡುವ ಅಧಿಕಾರ ಕಾಲೇಜಿನದು. ಆದುದರಿಂದ ಸಲಹೆಗಾರರ ಮುಂದೆ ಮೂರು ಪ್ರಶ್ನೆಗಳು ಕ್ರಮವಾಗಿ ಬರುತ್ತವೆ. ಈ ಕಾಲೇಜು ಈ ಪರೀಕ್ಷೆಯನ್ನು ಎಷ್ಟು ಅಂಕಕ್ಕೆ ಅಂಗೀಕರಿಸುತ್ತದೆ ಎಂಬುದು ಮೊದಲನೆಯದು. ಅಂಗೀಕರಿಸಿದ ಕ್ರೆಡಿಟ್ ಎಲ್ಲ ವಿದ್ಯಾರ್ಥಿಗಳೂ ಓದಬೇಕಾದ ಸಾಮಾನ್ಯ ಶಿಕ್ಷಣಕ್ಕೋ, ಮೇಜರ್ ಎನಿಸುವ ಮುಖ್ಯ ವ್ಯಾಸಂಗದ ವಿಷಯಕ್ಕೋ, ಬರಿಯ ಐಚ್ಛಿಕದ ಲೆಕ್ಕಕ್ಕೋ ಎಂಬುದು ಎರಡನೆಯದು. ಈ ತರಗತಿಯನ್ನು ಬಿಟ್ಟುಬಿಟ್ಟರೆ ಮುಂದಿನ ತರಗತಿಯಲ್ಲಿ ವಿದ್ಯಾರ್ಥಿ ಎಡವುವನೆ ಎಂಬುದು ಮೂರನೆಯದು. ಮೊದಲನೆಯ ಪ್ರಶ್ನೆಗೆ ಕಾಲೇಜಿನ ಕೈಪಿಡಿಯೇ ಉತ್ತರ ಹೇಳುತ್ತದೆ. ಎರಡನೆಯದಕ್ಕೆ ವಿದ್ಯಾರ್ಥಿಯ ಪೂರ್ಣ ದಾಖಲೆಯನ್ನು ಮುಂದಿಟ್ಟುಕೊಂಡು ನೋಡಬೇಕು. ಮೂರನೆಯದಕ್ಕೆ ವಿದ್ಯಾರ್ಥಿಯನ್ನೇ ಅರಿತಿರಬೇಕು.

ಇದು ಹೇಗೆ ನಡೆಯುತ್ತದೆಂಬುದನ್ನು ಕಲ್ಪಿತವಾದರೂ ವಾಸ್ತವಕ್ಕೆ ದೂರವಲ್ಲದ ಒಂದು ನಿದರ್ಶನದಲ್ಲಿ ನೋಡೋಣ. ಮೈಸೂರಿನಲ್ಲಿ ಬಿ.ಕಾಂ. ಎರಡು ವರ್ಷ ಓದಿ, ಮದುವೆಯಾಗಿ ನ್ಯೂಜೆರ್ಸಿಗೆ ಹೋಗಿ, ಮಕ್ಕಳು ಶಾಲೆಗೆ ಹೋಗತೊಡಗಿದ ಮೇಲೆ ಲೆಕ್ಕಶಾಸ್ತ್ರದ ಪದವಿಯನ್ನು ಪೂರ್ಣಗೊಳಿಸಬೇಕೆಂದು ಹೊರಟ ಗೃಹಿಣಿಯೊಬ್ಬರು ಸಲಹೆಗಾರರ ಬಳಿಗೆ ನಾಲ್ಕು ಕ್ಲೆಪ್ ಪರೀಕ್ಷೆಗಳ ಪಟ್ಟಿಯನ್ನು ಹಿಡಿದು ಬರುತ್ತಾರೆಂದು ಭಾವಿಸಿ: ಸ್ಥೂಲ ಅರ್ಥಶಾಸ್ತ್ರ, ಸೂಕ್ಷ್ಮ ಅರ್ಥಶಾಸ್ತ್ರ, ಹಣಕಾಸು ಲೆಕ್ಕಶಾಸ್ತ್ರ, ನಿರ್ವಹಣಾಶಾಸ್ತ್ರ. ನಾಲ್ಕೂ ಅವರು ಓದಿ ಬಲ್ಲ ವಿಷಯಗಳೇ. ನಾಲ್ಕರಲ್ಲಿಯೂ ತೇರ್ಗಡೆಯಾಗುವುದರಲ್ಲಿ ಸಂದೇಹವಿಲ್ಲ. ಸಲಹೆಗಾರರು ಅವರ ಮೈಸೂರಿನ ಅಂಕಪಟ್ಟಿಯ ಮೌಲ್ಯಮಾಪನ ವರದಿಯನ್ನು ತೆರೆದು ನೋಡಿ, ಅರ್ಥಶಾಸ್ತ್ರದ ಎರಡು ಪತ್ರಿಕೆಗಳಿಗೂ ವರ್ಗಾವಣೆಯ ಕ್ರೆಡಿಟ್ ಆಗಲೇ ದೊರೆತಿರುವುದನ್ನು ಬೆರಳಿಟ್ಟು ತೋರಿಸುತ್ತಾರೆ. ಒಂದೇ ವಿಷಯಕ್ಕೆ ಎರಡು ಸಾರಿ ಕ್ರೆಡಿಟ್ ಇಲ್ಲವಾದುದರಿಂದ ಆ ಎರಡು ಪರೀಕ್ಷೆಗಳನ್ನು ಬರೆದಿದ್ದರೆ ಕೈಗೆ ಬಂದ ತುತ್ತು ಬಾಯಿಗೆ ಬಾರದಂತೆ ಆಗುತ್ತಿತ್ತು. ಹಣಕಾಸು ಲೆಕ್ಕಶಾಸ್ತ್ರಕ್ಕೆ ಕ್ರೆಡಿಟ್ ದೊರೆಯುವುದೇನೋ ನಿಜ. ಆದರೆ ಅದು ಇಡೀ ಮೇಜರಿನ ಅಡಿಪಾಯ. ಅಮೆರಿಕದ ಲೆಕ್ಕಪದ್ಧತಿಯ ನಿಯಮಗಳನ್ನು ತರಗತಿಯಲ್ಲಿ ಕಲಿಯದೆ ಮುಂದಿನ ಮಧ್ಯಮ ಹಂತದ ಪಾಠಕ್ಕೆ ಹೋದರೆ ಕಷ್ಟವಾದೀತೆಂದೂ, ಮುಂದೆ ಲೆಕ್ಕಪರಿಶೋಧಕರ ಪರವಾನಗಿಯನ್ನು ಬಯಸುವವರು ರಾಜ್ಯದ ಮಂಡಲಿ ಪರೀಕ್ಷೆಯ ಕ್ರೆಡಿಟ್ ಅನ್ನು ಒಪ್ಪುವುದೋ ಇಲ್ಲವೋ ಎಂಬುದನ್ನು ಮೊದಲೇ ವಿಚಾರಿಸಬೇಕೆಂದೂ ಸಲಹೆಗಾರರು ತಿಳಿಸುತ್ತಾರೆ.

ಪಟ್ಟಿಯಲ್ಲಿ ಉಳಿದದ್ದು ನಿರ್ವಹಣಾಶಾಸ್ತ್ರ ಒಂದೇ. ಅದರ ಜೊತೆಗೆ, ಆಕೆ ಯೋಚಿಸಿಯೇ ಇರದ ಪ್ರಬಂಧರಚನೆಗೆ 6, ಅಮೆರಿಕದ ಇತಿಹಾಸಕ್ಕೆ 3, ಮನಃಶಾಸ್ತ್ರ ಪ್ರವೇಶಕ್ಕೆ 3 ಕ್ರೆಡಿಟ್‌ಗಳನ್ನು ಸಲಹೆಗಾರರು ಸೂಚಿಸುತ್ತಾರೆ. ಏಕೆಂದರೆ ಸಾಮಾನ್ಯ ಶಿಕ್ಷಣದ ಅಂಕಣದಲ್ಲಿ ಖಾಲಿಯಿರುವ ಮನೆಗಳು ಇವೇ. ಹೀಗೆ ಒಟ್ಟು 15 ಕ್ರೆಡಿಟ್‌ಗಳು, ಅಂದರೆ ಪೂರ್ಣಾವಧಿ ವಿದ್ಯಾರ್ಥಿಯ ಒಂದು ಸೆಮಿಸ್ಟರಿನ ಕೆಲಸ. ಮೊದಲು ಬಲ್ಲ ವಿಷಯವಾದ ನಿರ್ವಹಣಾಶಾಸ್ತ್ರವನ್ನು ಬರೆದು ಪರೀಕ್ಷೆಯ ರೀತಿಯನ್ನು ಪರಿಚಯ ಮಾಡಿಕೊಳ್ಳುವುದು, ಓದಬೇಕಾದ ಇತಿಹಾಸವನ್ನು ಬೇಸಗೆಯ ರಜಕ್ಕೆ ಇಟ್ಟುಕೊಳ್ಳುವುದು, ಯಾವುದನ್ನೂ ಕೊನೆಯ ಸೆಮಿಸ್ಟರಿಗೆ ಉಳಿಸಿಕೊಳ್ಳದಿರುವುದು ಎಂಬ ಅನುಕ್ರಮವೂ ನಿಶ್ಚಯವಾಗುತ್ತದೆ. ಅನೇಕ ಕಾಲೇಜುಗಳಲ್ಲಿ ಪದವಿಯ ಕೊನೆಯ 30 ಕ್ರೆಡಿಟ್‌ಗಳನ್ನು ಅಲ್ಲಿಯೇ ತರಗತಿಯಲ್ಲಿ ಓದತಕ್ಕದ್ದೆಂಬ ಕಟ್ಟಳೆಯಿರುವುದೂ, ಅನುತ್ತೀರ್ಣರಾದವರು ಮೂರು ತಿಂಗಳು ಕಾಯಬೇಕಾದುದೂ ಈ ಎಚ್ಚರಿಕೆಗೆ ಕಾರಣ. ಬಂದ ಪಟ್ಟಿಯೂ ಹೋದ ಪಟ್ಟಿಯೂ ನಾಲ್ಕು ಪರೀಕ್ಷೆಗಳದೇ. ಆದರೆ ಮೊದಲಿನದು ತನಗೆ ಏನು ಬರುತ್ತದೆ ಎಂಬುದನ್ನು ನೋಡಿ ಮಾಡಿದ್ದು, ಎರಡನೆಯದು ಪದವಿಗೆ ಏನು ಬೇಕು ಎಂಬುದನ್ನು ನೋಡಿ ಮಾಡಿದ್ದು.

ಇವಲ್ಲದೆ ಕೈಪಿಡಿಯ ಮೂಲೆಗಳಲ್ಲಿ ಅಡಗಿರುವ ಕೆಲವು ನಿಯಮಗಳನ್ನು ಅನುಭವಸ್ಥ ಸಲಹೆಗಾರರು ಮಾತ್ರ ಸಮಯಕ್ಕೆ ಸರಿಯಾಗಿ ನೆನಪಿಸಬಲ್ಲರು. ಪರೀಕ್ಷೆಯ ಕ್ರೆಡಿಟ್‌ಗೆ ಸಾಮಾನ್ಯವಾಗಿ ಶ್ರೇಣಿಯಿಲ್ಲ. ಆದುದರಿಂದ ಸರಾಸರಿ ಶ್ರೇಣಿಯನ್ನು ಮೇಲೆತ್ತಿ ವಿದ್ಯಾರ್ಥಿವೇತನವನ್ನು ಉಳಿಸಿಕೊಳ್ಳಬೇಕಾದವನಿಗೆ ಅದು ನೆರವಾಗದು. ಕೇಂದ್ರ ಸರ್ಕಾರದ ಧನಸಹಾಯಕ್ಕೆ ಪೂರ್ಣಾವಧಿ ವಿದ್ಯಾರ್ಥಿಯೆನಿಸಲು ಬೇಕಾದ ಕ್ರೆಡಿಟ್‌ಗಳಲ್ಲಿ ಅದು ಎಣಿಕೆಗೆ ಬಾರದು. ಭಾರತದಿಂದ ವಿದ್ಯಾರ್ಥಿ ವೀಸಾದ ಮೇಲೆ ಹೋದ ಸ್ನಾತಕ ವಿದ್ಯಾರ್ಥಿಯು ಪ್ರತಿ ಸೆಮಿಸ್ಟರಿನಲ್ಲಿಯೂ ನೋಂದಾಯಿಸಬೇಕಾದ 12 ಕ್ರೆಡಿಟ್‌ಗಳನ್ನು ಪರೀಕ್ಷೆಯಿಂದ ತುಂಬಿಕೊಳ್ಳುವಂತಿಲ್ಲ. ಒಂದು ಕಾಲೇಜು ಕೊಟ್ಟ ಪರೀಕ್ಷಾಕ್ರೆಡಿಟ್ ಅನ್ನು ಮತ್ತೊಂದು ಕಾಲೇಜು ಸಾಮಾನ್ಯವಾಗಿ ಹಾಗೆಯೇ ಒಪ್ಪುವುದಿಲ್ಲ. ಮೂಲ ಅಂಕಗಳನ್ನು ತರಿಸಿಕೊಂಡು ತನ್ನ ನಿಯಮದಂತೆ ಮತ್ತೆ ತೂಗುತ್ತದೆ. ವೈದ್ಯಕೀಯ ಕಾಲೇಜನ್ನು ಸೇರಬಯಸುವವರು ಜೀವಶಾಸ್ತ್ರ, ರಸಾಯನಶಾಸ್ತ್ರಗಳನ್ನು ಎ.ಪಿ. ಅಂಕದ ಬಲದಿಂದ ಬಿಟ್ಟುಬಿಟ್ಟರೆ ಮುಂದೆ ತೊಂದರೆಯಾದೀತು. ಆ ವಿಷಯಗಳಲ್ಲಿ ಪ್ರಯೋಗಾಲಯ ಸಹಿತವಾದ ಕಾಲೇಜು ವ್ಯಾಸಂಗವನ್ನೇ ಅಪೇಕ್ಷಿಸುವ ವೈದ್ಯಕೀಯ ಕಾಲೇಜುಗಳು ಹಲವಿವೆ.

ಈ ಪದ್ಧತಿಯ ವಿರುದ್ಧವಾದ ಆಕ್ಷೇಪಗಳೂ ದುರ್ಬಲವಾದವಲ್ಲ. ತರಗತಿಯೆಂದರೆ ಪರೀಕ್ಷೆಗೆ ಬರುವ ಸಂಗತಿಗಳ ಮೊತ್ತವಲ್ಲ. ಪ್ರಶ್ನಿಸುವುದು, ವಾದಿಸುವುದು, ಬರೆದದ್ದನ್ನು ತಿದ್ದಿಸಿಕೊಳ್ಳುವುದು, ಇವುಗಳಿಂದ ಬರುವ ಸಂಸ್ಕಾರವನ್ನು ಒಂದೂವರೆ ಗಂಟೆಯ ಬಹು ಆಯ್ಕೆಯ ಪ್ರಶ್ನೆಗಳು ಅಳೆಯಲಾರವೆಂಬುದು ಅಧ್ಯಾಪಕರ ಮುಖ್ಯವಾದ ವಾದ. ಡಾರ್ಟ್‌ಮತ್ ಕಾಲೇಜಿನ ಮನಃಶಾಸ್ತ್ರ ವಿಭಾಗವು ಎ.ಪಿ.ಯಲ್ಲಿ ಪರಮಾವಧಿಯಾದ 5 ಅಂಕ ಪಡೆದು ಬಂದವರಿಗೆ ತನ್ನ ಪ್ರವೇಶ ತರಗತಿಯ ಅಂತಿಮ ಪರೀಕ್ಷೆಯ ಸಂಕ್ಷಿಪ್ತ ರೂಪವನ್ನು ಕೊಟ್ಟು ನೋಡಿದಾಗ, ನೂರಕ್ಕೆ ಸುಮಾರು ತೊಂಬತ್ತು ಮಂದಿ ಅದರಲ್ಲಿ ತೇರ್ಗಡೆಯಾಗಲಿಲ್ಲ. 2013ರಲ್ಲಿ ಆ ಕಾಲೇಜು ಎ.ಪಿ. ಅಂಕಗಳಿಗೆ ಪದವಿಯ ಕ್ರೆಡಿಟ್ ಕೊಡುವುದನ್ನು ನಿಲ್ಲಿಸುವುದಾಗಿ ಸಾರಿ, ಮರುವರ್ಷ ಪ್ರವೇಶಿಸಿದವರಿಂದ ಹಾಗೆಯೇ ನಡೆಸಿತು. ಆದರೆ ಮೇಲಿನ ತರಗತಿಗೆ ನೇರವಾಗಿ ಸೇರಿಸುವುದಕ್ಕೆ ಅವನ್ನು ಬಳಸುವುದನ್ನು ಬಿಡಲಿಲ್ಲ. ಈ ಪ್ರಯೋಗದಿಂದ ಪರೀಕ್ಷೆ ನಿರರ್ಥಕವೆಂದು ಸಿದ್ಧವಾಗುತ್ತದೆಂದು ಹೇಳಲಾಗದು. ತರಗತಿಯಲ್ಲಿ ಕುಳಿತು ಉತ್ತೀರ್ಣರಾದವರನ್ನೂ ಕೆಲವು ತಿಂಗಳ ತರುವಾಯ ಹಾಗೆಯೇ ಕರೆದು ಪರೀಕ್ಷಿಸಿದರೆ ಎಷ್ಟು ಮಂದಿ ಉಳಿದಾರು ಎಂಬ ಪ್ರತಿಪ್ರಶ್ನೆಗೆ ಎಡೆಯುಂಟು. ಆದರೆ ಒಂದು ಮಾತು ಇದರಿಂದ ದೃಢವಾಗುತ್ತದೆ: ಕ್ರೆಡಿಟ್ ದೊರೆಯುವುದೂ ಮುಂದಿನ ಪಾಠಕ್ಕೆ ಸಿದ್ಧವಾಗಿರುವುದೂ ಎರಡು ಬೇರೆ ಸಂಗತಿಗಳು.

ಪರವಾದ ಪ್ರಮಾಣವೂ ಇದೆ. ಕ್ಲೆಪ್‌ನಲ್ಲಿ ಗಡಿಯಂಕವನ್ನು ಸ್ವಲ್ಪದರಲ್ಲಿ ಮುಟ್ಟಿದವರನ್ನೂ ಸ್ವಲ್ಪದರಲ್ಲಿ ತಪ್ಪಿಸಿಕೊಂಡವರನ್ನೂ ಹೋಲಿಸಿ ನೋಡಿದ ಸಂಶೋಧಕರು, ಬುದ್ಧಿಯಲ್ಲಿ ಹೆಚ್ಚುಕಡಿಮೆ ಸಮಾನರಾದ ಈ ಎರಡು ಗುಂಪುಗಳಲ್ಲಿ ಕ್ರೆಡಿಟ್ ದೊರೆತವರು ಪದವಿ ಮುಗಿಸುವ ಸಂಭವ ಹೆಚ್ಚೆಂದೂ, ಎರಡು ವರ್ಷದ ಕಾಲೇಜುಗಳಲ್ಲಿ ಈ ಅಂತರ ಹೆಚ್ಚು ಸ್ಪಷ್ಟವೆಂದೂ ಕಂಡಿದ್ದಾರೆ. ನೌಕರಿ, ಸಂಸಾರ, ಸೈನ್ಯಸೇವೆಗಳ ನಡುವೆ ಓದುವವನಿಗೆ ಒಂದು ಸೆಮಿಸ್ಟರಿನ ಉಳಿತಾಯವೆಂದರೆ ಎಷ್ಟೋ ಸಲ ಪದವಿಯನ್ನು ಮುಗಿಸುವುದಕ್ಕೂ ನಡುವೆ ಕೈಬಿಡುವುದಕ್ಕೂ ಇರುವ ಅಂತರವೇ ಆಗಿರುತ್ತದೆ. ಟೆಕ್ಸಾಸ್, ಇಲಿನಾಯ್ ಮೊದಲಾದ ರಾಜ್ಯಗಳು ಎ.ಪಿ.ಯಲ್ಲಿ 3 ಬಂದವರಿಗೆ ಸಾರ್ವಜನಿಕ ಕಾಲೇಜುಗಳು ಕ್ರೆಡಿಟ್ ಕೊಡಬೇಕೆಂಬ ಶಾಸನಗಳನ್ನು ಮಾಡಿರುವುದು ಈ ದೃಷ್ಟಿಯಿಂದಲೇ.

ಸಲಹೆಗಾರರನ್ನು ಸರ್ವಜ್ಞರೆಂದು ಭಾವಿಸುವುದೂ ತಪ್ಪಾದೀತು. ದೊಡ್ಡ ಸಾರ್ವಜನಿಕ ಕಾಲೇಜುಗಳಲ್ಲಿ ಒಬ್ಬರ ಪಾಲಿಗೆ ನೂರಾರು ವಿದ್ಯಾರ್ಥಿಗಳಿರುವುದು ಅಪರೂಪವಲ್ಲ. ಅರ್ಧ ಗಂಟೆಯ ಭೇಟಿಯಲ್ಲಿ ಎಲ್ಲವೂ ಇತ್ಯರ್ಥವಾಗದು. ಆದುದರಿಂದ ವಿದ್ಯಾರ್ಥಿಯು ಅಂಕಪಟ್ಟಿಗಳನ್ನೂ, ತಾನು ಸೇರಿದ ವರ್ಷದ ಕೈಪಿಡಿಯನ್ನೂ, ಮುಂದೆ ಏನಾಗಬೇಕೆಂಬ ಸಂಕಲ್ಪವನ್ನೂ ಸಿದ್ಧಮಾಡಿಕೊಂಡು ಹೋಗಬೇಕು. ಸಲಹೆಗಾರರು ಬಾಯಿಮಾತಿನಲ್ಲಿ ಒಪ್ಪಿದ್ದನ್ನು ಪತ್ರಮುಖೇನ ಪಡೆದುಕೊಳ್ಳಬೇಕು. ಮೇಜರಿಗೆ ಸಂಬಂಧಪಟ್ಟ ವಿಷಯವಾದರೆ ವಿಭಾಗದ ಒಪ್ಪಿಗೆಯನ್ನೂ, ಕ್ರೆಡಿಟ್ ದಾಖಲಾದುದಕ್ಕೆ ರಿಜಿಸ್ಟ್ರಾರರ ಕಚೇರಿಯ ಪ್ರಮಾಣವನ್ನೂ ಕೇಳಬೇಕು.

ಅಮೆರಿಕದ ಕನ್ನಡ ಕುಟುಂಬಗಳಲ್ಲಿ ಎ.ಪಿ. ಎಂಬುದು ಊಟದ ಹೊತ್ತಿನ ಮಾತಾಗಿದೆ. ಎಷ್ಟು ಎ.ಪಿ. ತೆಗೆದುಕೊಂಡಿದ್ದಾನೆ ಎಂದು ಒಬ್ಬರನ್ನೊಬ್ಬರು ಕೇಳುವ ತಂದೆತಾಯಿಗಳು, ಅವುಗಳಲ್ಲಿ ಎಷ್ಟು ಪದವಿಗೆ ಸಲ್ಲುತ್ತವೆ ಎಂದು ಕೇಳುವುದು ವಿರಳ. ಭಾಷೆಯ ವಿಷಯದಲ್ಲಿ ಕ್ಲೆಪ್ ಪರೀಕ್ಷೆಗಳು ಫ್ರೆಂಚ್, ಜರ್ಮನ್, ಸ್ಪ್ಯಾನಿಷ್‌ಗಳಿಗೆ ಮಾತ್ರ ಇದ್ದು ಕನ್ನಡಕ್ಕೆ ಅಲ್ಲಿ ಸ್ಥಾನವಿಲ್ಲ. ಆದರೆ ವಾರಾಂತ್ಯದ ಕನ್ನಡ ಶಾಲೆಗಳಲ್ಲಿ ಕಲಿತ ಮಕ್ಕಳಿಗೆ ಕೆಲವು ಶಾಲಾಜಿಲ್ಲೆಗಳು ಪ್ರೌಢಶಾಲೆಯ ಭಾಷಾಕ್ರೆಡಿಟ್ ಕೊಡುತ್ತಿರುವುದು ಸಂತೋಷದ ಸಂಗತಿ.

ನಮ್ಮ ದೇಶದಲ್ಲಿಯೂ ಕ್ರೆಡಿಟ್ ಎಂಬುದು ಈಗ ಪರಕೀಯವಲ್ಲ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಅನುಸರಿಸಿ 2021ರಲ್ಲಿ ಕ್ರೆಡಿಟ್‌ಗಳ ಶೈಕ್ಷಣಿಕ ಬ್ಯಾಂಕ್ ಸ್ಥಾಪಿತವಾಯಿತು. ಸ್ವಯಂ ಎಂಬ ಜಾಲತಾಣದ ಪಾಠಗಳಿಂದ ಒಂದು ಸೆಮಿಸ್ಟರಿನ ಪಾಠಕ್ರಮದ ನೂರಕ್ಕೆ ನಲವತ್ತು ಭಾಗದವರೆಗೆ ಕ್ರೆಡಿಟ್ ಪಡೆಯಲು ವಿಶ್ವವಿದ್ಯಾನಿಲಯ ಧನಸಹಾಯ ಆಯೋಗ ಅವಕಾಶವಿತ್ತಿತು. ಕರ್ನಾಟಕವು 2021ರಲ್ಲಿ ನಾಲ್ಕು ವರ್ಷದ ಪದವಿಯನ್ನು ಎಲ್ಲ ರಾಜ್ಯಗಳಿಗಿಂತ ಮೊದಲು ಜಾರಿಗೆ ತಂದು, 2024ರಲ್ಲಿ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಇಂತಹ ಬದಲಾವಣೆಗಳ ನಡುವೆ ಬ್ಯಾಂಕಿನಲ್ಲಿ ಕ್ರೆಡಿಟ್ ಕೂಡಿಡುವ ಏರ್ಪಾಡಾದಷ್ಟು ಬೇಗ, ಅದನ್ನು ಎಲ್ಲಿ ಹೇಗೆ ವಿನಿಯೋಗಿಸಬೇಕೆಂದು ಪ್ರತಿಯೊಬ್ಬ ವಿದ್ಯಾರ್ಥಿಗೂ ಕುಳಿತು ಹೇಳುವವರ ಏರ್ಪಾಡು ಆಗಲಿಲ್ಲ. ಅಮೆರಿಕದಲ್ಲಿ ಆಯ್ಕೆಯ ಸ್ವಾತಂತ್ರ್ಯವೂ ಸಲಹೆಗಾರರ ಹುದ್ದೆಯೂ ಸಮಕಾಲೀನವಾಗಿ ಹುಟ್ಟಿದುವೆಂಬುದನ್ನು ಇಲ್ಲಿ ನೆನೆಯತಕ್ಕದ್ದು.

ಒಟ್ಟಿನಲ್ಲಿ ಪರೀಕ್ಷಾಮೂಲಕ ಕ್ರೆಡಿಟ್ ಸಾಧುವೋ ಅಸಾಧುವೋ ಎಂದು ಇಡಿಯಾಗಿ ತೀರ್ಪು ಹೇಳುವುದರಲ್ಲಿ ಅರ್ಥವಿಲ್ಲ. ಸಾಮಾನ್ಯ ಶಿಕ್ಷಣದ ಅಂಕಣಗಳಲ್ಲಿ, ಮೊದಲೇ ಬಲ್ಲ ವಿಷಯಗಳಲ್ಲಿ, ವ್ಯಾಸಂಗದ ಆರಂಭದಲ್ಲಿ ಅದನ್ನು ಬಳಸಿಕೊಳ್ಳುವುದು ಹಿತ. ಮುಂದೆ ಜೀವನೋಪಾಯಕ್ಕೆ ಆಧಾರವಾಗತಕ್ಕ ವಿಷಯಗಳಲ್ಲಿ ಅದನ್ನು ಬಳಸಿ ಬುನಾದಿಯ ತರಗತಿಗಳನ್ನು ತಪ್ಪಿಸಿಕೊಳ್ಳುವುದು ಅಹಿತ. ಯಾವುದು ಹೇಗೆಂಬುದನ್ನು ಪರೀಕ್ಷೆಗೆ ಶುಲ್ಕ ಕಟ್ಟುವುದಕ್ಕೆ ಮುಂಚೆ ನಿಶ್ಚಯಿಸಿಕೊಂಡವನು ಕಾಲವನ್ನೂ ಹಣವನ್ನೂ ನಿಜವಾಗಿ ಉಳಿಸುತ್ತಾನೆ. ಆಮೇಲೆ ವಿಚಾರಿಸಹೊರಟವನ ಕೈಯಲ್ಲಿ ಒಳ್ಳೆಯ ಅಂಕಗಳಿದ್ದರೂ ಅವು ಪದವಿಯ ಲೆಕ್ಕಕ್ಕೆ ಸೇರದೆ ಉಳಿಯಬಹುದು.